ಗುಡ್ಡೆಗೇರಿನ ಗುರುತು

ಏಳು ರಾತ್ರಿ ಗುಳಿಗೆ ಮುಟ್ಟಬೇಡ ಅಂದಿದ್ದರು.
ಮುಟ್ಟಲಿಲ್ಲ.
ರೂವಿಯ ಆರು ಮಂಚದ ಕೋಣೆಯಲ್ಲಿ
ಎಸಿಯ ಗೊರಗೊರಕ್ಕಿಂತ ಜೋರಾಗಿತ್ತು ನನ್ನ ಉಗುರು.
ಮೇಲಿನ ಮಂಚದಿಂದ ಬಾಬುರಾಜ ಕಾಲುಚೀಲ ಎಸೆದ:
'ಕೈಗೆ ಹಾಕ್ಕೊಂಡು ಮಲಗು ಐತಪ್ಪಣ್ಣ.'
ಹಾಕಿಕೊಂಡೆ.

ಇಂದು ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿ ಬಂದಿದ್ದೇನೆ.
ಮೊಣಕೈ ಮಡಿಕೆಯ ಬಿರಿದ ತೊಗಲು ನೋಡಿ ಲಿಸಿ ಸಿಸ್ಟರ್
'ಅಲ್ಲಿ ಬೇಡ, ಅದು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ' ಎಂದು
ಮುಂಗೈಯಲ್ಲಿ ನಾಲ್ಕು ಬೆರಳಗಲ ನುಣುಪು ಹುಡುಕಿದರು.
ನೀಲಿ ಪೆನ್ನಿನ ಅಂಕಿ, ಪಕ್ಕಕ್ಕೊಂದು ಹನಿ, ಹನಿಯೊಳಗೊಂದು ಚುಚ್ಚು:
ಖರ್ಜೂರದ ಪರಾಗ, ಗಾಫ್ ಮರದ್ದು, ಹಾಸಿಗೆಯ ನುಸಿ,
ಜಿರಳೆ, ಬೆಕ್ಕು, ಸಿಗಡಿ.
ಉಬ್ಬಲೇಬೇಕಾದ ಹಿಸ್ಟಮಿನ್ ಒಂದು,
ಏನೂ ಆಗಬಾರದ ಉಪ್ಪುನೀರು ಒಂದು.
ಹದಿನೈದು ನಿಮಿಷ. ಕೆರೆಯುವಂತಿಲ್ಲ.

ನನ್ನಮ್ಮ ಊರವರ ಬಟ್ಟೆಗೆಲ್ಲ ಗುಡ್ಡೆಗೇರಿನ ರಸದಲ್ಲಿ
ಗುರುತು ಇಡುತ್ತಿದ್ದಳು. ಪಟೇಲರಿಗೆ ಮೂರು ಚುಕ್ಕೆ, ಶಾನುಭೋಗರಿಗೆ ಗೀಟು.
ಎಷ್ಟು ಒಗೆದರೂ ಹೋಗದ ಕಪ್ಪು.
ಕೆಲವರ ಕತ್ತಿಗೆ ಅದೇ ತಾಗಿ ಹುಣ್ಣೇಳುತ್ತಿತ್ತು;
ಬೈಗುಳ ಅಮ್ಮನಿಗೆ.

ಡಾಕ್ಟರ್ ಇಖ್ಲಾಸ್, ಸುಡಾನಿನವರು,
ಸಿನಿಮಾದಿಂದ ಕಲಿತ ಹಿಂದಿಯಲ್ಲಿ
ತೊಗಲ ಕೆಳಗಿನ ಕತೆ ಹೇಳುವಾಗ ನನಗೆ ಕಂಡದ್ದು ಅವಳೇ:
ಸಾಲು ಸಾಲು ಗಂಟು, ಗಂಟಿನ ಮೈತುಂಬ ಚುಕ್ಕೆ,
ಗುರುತು ತಾಳೆಯಾದದ್ದೇ ತಡ
ಗಂಟು ಬಿಚ್ಚಿ ತುರಿಕೆ ಚೆಲ್ಲುತ್ತದೆ.
'ಬಾಯಿಂದ ಬಂದದ್ದು ನೆಂಟ,
ಬಿರುಕಿನಿಂದ ನುಸುಳಿದ್ದು ಕಳ್ಳ.
ನಿನ್ನ ಮೈ ಕದ ಮುರಿದ ಮನೆ,
ಕಂಡವರನ್ನೆಲ್ಲ ಬರೆದಿಟ್ಟುಕೊಂಡಿದೆ.'

ನುಸಿಗೆ ಒಂಬತ್ತು ಮಿಲಿಮೀಟರು. ಸಿಗಡಿಗೆ ನಾಲ್ಕು.
ಸಿಗಡಿಯೇ? ಮೊನ್ನೆ ಶುಕ್ರವಾರವೂ ಗಸಿ ತಿಂದಿದ್ದೇನೆ,
ಎರಡೆರಡು ಸಲ ಬಡಿಸಿಕೊಂಡು!
ಅವರು ಸ್ಕೇಲು ಒರೆಸುತ್ತ ನಕ್ಕರು.
ನುಸಿಯ ಮೈಯಲ್ಲೂ ಸಿಗಡಿಯ ಮೈಯಲ್ಲೂ ಒಂದೇ ಥರದ ನೂಲಂತೆ,
ಒಬ್ಬನ ಗುರುತು ಇನ್ನೊಬ್ಬನಿಗೆ ಬಿದ್ದಿರಬಹುದಂತೆ.
'ಗುರುತಿದೆ ಅಂದರೆ ಜಗಳವಿದೆ ಅಂತಲ್ಲ. ತಿನ್ನು.'

ಪಟೇಲರ ಪಂಚೆ ಒಮ್ಮೆ ಶಾನುಭೋಗರ ಮನೆ ಸೇರಿದ ಕತೆ
ಹೇಳೋಣವೆಂದು ಬಾಯಿ ತೆರೆದೆ.
ಹಿಂದಿಯಲ್ಲಿ ಗುಡ್ಡೆಗೇರಿಗೆ ಏನನ್ನುತ್ತಾರೋ.

ಬೆನ್ನಿಗೆ ಇನ್ನೊಂದು ಪಟ್ಟಿ ಅಂಟಿಸಿ ಕಳಿಸಿದರು:
ಅತ್ತರು, ಸೋಪಿನ ಪುಡಿ, ಗಂಜಿಪೌಡರು.
ಅದು ಬೇರೆ ಜಾತಿಯ ಸಿಟ್ಟು, ಎದ್ದೇಳಲು ಎರಡು ದಿನ ಬೇಕು.
ಗುಡ್ಡೆಗೇರಿನದೂ ಅದೇ ಜಾತಿ ಇರಬೇಕು.

ಮತ್ರಾದ ಕಟ್ಟೆಯಲ್ಲಿ ಕೂತು ತೋಳು ನೋಡಿಕೊಂಡೆ.
ಉಬ್ಬುಗಳು ಇಳಿಯುತ್ತಿವೆ, ಅಂಕಿ ಬೆವರಿಗೆ ಕದಡಿದೆ.
ಉಪ್ಪುನೀರಿನ ಜಾಗ ಮಾತ್ರ ಮೊದಲಿನಂತೆ ಸಪಾಟು.
ಕೆಳಗೆ, ದೋಣಿಗಳ ಹೊಟ್ಟೆಗೆ ಅದೇ ನೀರು ಬಡಿಯುತ್ತಿತ್ತು.
ಇದರ ಮೇಲೆ ಹಾದು ಬಂದು ಹತ್ತೊಂಬತ್ತು ವರ್ಷ,
ಇದೊಂದಕ್ಕೆ ನನ್ನ ಮೈ
ಇನ್ನೂ ಚುಕ್ಕೆ ಇಟ್ಟಿಲ್ಲ.