ಟಿಕೆಟ್ಟಿನ ಬೆನ್ನಿಗೆ

ತುಮಕೂರು–ಪಾವಗಡ, ಬೆಳಿಗ್ಗೆ ಆರೂ ಮುಕ್ಕಾಲು.
ಬಿಸಿಲು ಬಲಗಡೆ.
ಸಂಜೆ ತಿರುಗಿ ಬರುವಾಗಲೂ ಬಲಗಡೆಯೇ.
ಹದಿಮೂರು ವರ್ಷ ಈ ಲೆಕ್ಕ ನನಗೆ ಬೇಕಾಗಿರಲಿಲ್ಲ.
ಈಗ ಬಸ್ಸು ಹತ್ತುವ ಮುಂಚೆ ಸೂರ್ಯನನ್ನು ಹುಡುಕುತ್ತೇನೆ,
ಸಾಲ ಕೊಟ್ಟವನನ್ನು ಸಂತೆಯಲ್ಲಿ ಹುಡುಕುವ ಹಾಗೆ,
ಕಂಡರೆ ಮರೆಯಾಗಲಿಕ್ಕೆ.

ಲೂಪಸ್ ಅಂದರು.
ಡಿಪೋದಲ್ಲಿ ಯಾರ ಬಾಯಿಗೂ ಕೂರಲಿಲ್ಲ ಆ ಹೆಸರು.
ಮಲೇರಿಯಾಕ್ಕೆ ಕೊಡುವ ಮಾತ್ರೆಯನ್ನೇ ಇದಕ್ಕೂ ಕೊಡುತ್ತಾರೆಂದು
ಒಮ್ಮೆ ಬಾಯಿಬಿಟ್ಟೆ ನೋಡಿ,
ಅಂದಿನಿಂದ ನನ್ನದು ಮಲೇರಿಯಾ.
ಇನ್ನೊಂದು ಮಾತ್ರೆಗೆ ಮುಖ ಊದಿಕೊಂಡಿತು.
"ಮೈ ಕೈ ತುಂಬ್ಕೊಂಡು ಲಕ್ಷಣವಾಗಿದೀಯ ಕಣಮ್ಮ"
ಅಂದಳು ಕೊರಟಗೆರೆಯ ಹೂವಿನಜ್ಜಿ.
ನಗು ಬಂತು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ ಕೆಂಪು
ನಗುವಾಗ ಉರಿಯುತ್ತದೆ.

ಅದೆಲ್ಲ ಇರಲಿ.
ಕೀಲುನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.
ತೋರಿಸಲಾಗದ್ದು ಇದು:
ಮಧುಗಿರಿ ದಾಟಿದ್ದೇವೆ. ಮುಂದಿನ ಸ್ಟೇಜು ಬರುತ್ತಿದೆ.
ಬೆಟ್ಟ ಕಾಣುತ್ತಿದೆ, ಬೆಟ್ಟದ ಮೇಲಿನ ಕೋಟೆ ಕಾಣುತ್ತಿದೆ,
ಇಳಿಯುವವರು ಚೀಲ ಎತ್ತಿಕೊಂಡು ಎದ್ದಿದ್ದಾರೆ,
ಊರಿನ ಹೆಸರು ಮಾತ್ರ ಇಲ್ಲ.
ನಾಲಿಗೆ ತುದಿಯಲ್ಲಿದೆ ಅನ್ನುತ್ತಾರಲ್ಲ, ಹಾಗಲ್ಲ.
ಅದಿದ್ದ ಜಾಗವೇ ಇಲ್ಲ.
ಬಾಯಿ ತೆರೆದು ನಿಂತೆ.
ಯಂತ್ರದ ಗುಂಡಿ ಒತ್ತಬೇಕು, ಯಾವುದು?
ನೂರು ಕೊಟ್ಟವನು ಯಾರು, ಕೊಟ್ಟೆನಾ ಚಿಲ್ಲರೆ,
ಸ್ಕ್ವಾಡ್‌ನವರು ಹತ್ತಿದರೆ?
ಆ 'ದರೆ'ಗೇ ಉಳಿದದ್ದೂ ಚೆದುರಿತು,
ಕೋಳಿಗೂಡಿಗೆ ನಾಯಿ ನುಗ್ಗಿದ ಹಾಗೆ.

"ಟೆನ್ಷನ್ ಮಾಡ್ಕೋಬೇಡಿ, ಮರೆವು ಜಾಸ್ತಿಯಾಗತ್ತೆ" ಅನ್ನುತ್ತಾರೆ ಡಾಕ್ಟರು.
ಮರೆತಿದ್ದಕ್ಕೇ ಅಲ್ಲವೇ ಸ್ವಾಮಿ ಟೆನ್ಷನ್ನು?
ಯಾವ ಸ್ಟೇಜಿನಲ್ಲಿ ಇಳಿಸಲಿ ಇದನ್ನು,
ಹತ್ತಿದ್ದು ಎಲ್ಲಿ ಎಂದೇ ಗೊತ್ತಿಲ್ಲ.

ಮಿಡಿಗೇಶಿ.
ರಾತ್ರಿ ಅನ್ನಕ್ಕೆ ಕೈ ಇಟ್ಟಾಗ ಬಂತು, ಕರೆಯದೆ.
ಹಿಮ್ಮಡಿ ಮುಟ್ಟುವ ಕೂದಲಿದ್ದ ಹೆಂಗಸಿನ ಊರು ಅಂತಾರೆ.
ಎದ್ದು ಬಾಚಣಿಗೆ ನೋಡಿದೆ.
ಅವತ್ತಿನ ಕೂದಲು ಒಂದು ಗುಬ್ಬಿಗೂಡಿನಷ್ಟಿತ್ತು.
ಅವಳೂ ಒಂದು ದಿನ ತನ್ನ ಊರಿನ ಹೆಸರು ಮರೆತಿದ್ದಳೇ
ಅಂತ ಅಲ್ಲೇ ಕೂತೆ. ಅನ್ನ ಆರಿತು.

ಚಿಲ್ಲರೆ ಇಲ್ಲದಾಗ
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುವುದು ನಮ್ಮ ರೂಢಿ.
ಈಗ ನನಗೆ ನಾನೇ ಬರೆದುಕೊಳ್ಳುತ್ತೇನೆ,
ಜನ ಬಿಟ್ಟುಹೋದ ಟಿಕೆಟ್ಟು ಹೆಕ್ಕಿ:
'ಮಾತ್ರೆ ಆಯಿತು.' 'ಕೊಡೆ ಸೀಟಿನ ಕೆಳಗೆ.' 'ಹಸಿರು ಟವಲ್ಲು, ೬೦.'
ಸಂಜೆ ಚೀಲ ಸುರಿದರೆ
ಹಸಿರು ಟವಲ್ಲು ಯಾರು,
ಅರವತ್ತು ಕೊಡಬೇಕೋ, ಬರಬೇಕೋ.

ಡ್ರೈವರ್ ಚಿತ್ತಯ್ಯನದು ಮಾತು ಕಮ್ಮಿ.
ಆರು ವರ್ಷದಿಂದ ಹಾರನ್ನೇ ಅವನ ದನಿ.
ಸೋಮವಾರದಿಂದ ಕೂಗತೊಡಗಿದ್ದಾನೆ,
ರಸ್ತೆಯನ್ನೇ ನೋಡುತ್ತ, ಗೇರು ಇಳಿಸುತ್ತ,
"ತುಂಬಾಡಿ ಯಾರ್ರೀ... ಮಧುಗಿರಿ... ಮಿಡಿಗೇಶಿ, ಏಳ್ರೀ ಮಿಡಿಗೇಶಿ!"
ಜನ ತಿರುಗಿ ನನ್ನನ್ನು ನೋಡಿದರು.
ನಾನು ವಿಷಲ್ ಊದಿದೆ, ಅಷ್ಟೆ.
ಯಾಕೆಂದು ನಾನು ಕೇಳಲಿಲ್ಲ. ಅವನು ಹೇಳಲಿಲ್ಲ,
ಕನ್ನಡಿಯಲ್ಲೂ ಒಮ್ಮೆ ಈ ಕಡೆ ನೋಡಲಿಲ್ಲ.

ಇವತ್ತು ವೇಬಿಲ್ ಮುಗಿಸುವಾಗ ಚೀಲದ ತಳದಲ್ಲಿ
ಮುದುಡಿದ ಟಿಕೆಟ್ಟು, ನನ್ನದೇ ಅಕ್ಷರ:
'ಚಿತ್ತಯ್ಯನಿಗೆ ಬಾಕಿ.'
ಎಷ್ಟು ಎಂದು ಬರೆದಿರಲಿಲ್ಲ.