ಕಿವಿಯ ತೂಕ

ಬೆಂಕಿಪೊಟ್ಟಣದೊಳಗೆ ಹತ್ತಿಯ ಮೇಲೆ ಮಲಗಿಸಿ ತಂದಿದ್ದೆ.
ಚೌಕಿಪೇಟೆಯ ಮೌನೇಶಾಚಾರಿ
ಗಾಜಿನ ಗೂಡಿನ ತಕ್ಕಡಿ ಸೊನ್ನೆಗೆ ನಿಲ್ಲುವವರೆಗೆ ಉಸಿರು ಹಿಡಿದು
"ಯಾರ ಮೂಗುಬೊಟ್ಟವ್ವ ಇದು?" ಅಂದರು.

ರಿಸೀವರ್, ಅಂದೆ. ಪುಟ್ಟ ಡ್ರೋನಿಗೆ. ಮನೆಯೊಳಗೇ ಹಾರೋದು.
ನಾನು ಹೇಳಿದ್ದು ಅದಕ್ಕೆ ಕೇಳಬೇಕಲ್ಲ, ಅದರ ಕಿವಿ.

ಆಚಾರಿ ಕನ್ನಡಕ ಹಣೆಗೇರಿಸಿದರು:
"ನಲವತ್ತು ವರ್ಷ ಓಲೆ ತೂಗೀನಿ, ಜುಮಕಿ ತೂಗೀನಿ,
ಕಿವಿ ತೂಗಿದ್ದು ಇವತ್ತೇ."

ಮೊದಲನೆಯದು ಒಂದೂವರೆ ಗ್ರಾಂ ದಾಟಿತು.
"ಹದಿಮೂರು ಗುಲಗಂಜಿ."
ಜಿರಳೆಮೀಸೆಯಂಥ ಎರಡು ಆಂಟೆನಾ.
ಹರಿಹರದ ಹೊಳೆದಂಡೆಯಲ್ಲಿ ಪಿಸುಗುಟ್ಟಿದರೂ
ಇಲ್ಲಿ ಕೇಳಿಸಿಕೊಳ್ಳುತ್ತದೆಂದು ಮಾರಿದವನ ಮಾತು.
ನಮ್ಮದೋ ಹತ್ತಡಿ ಹನ್ನೆರಡಡಿ:
ಒಂದು ಫ್ಯಾನು, ಒಂದು ಕಬ್ಬಿಣದ ಬೀರು, ಅಪ್ಪನ ಮಂಚ,
ಅಕ್ಕನ ಹೊಲಿಗೆ ಮಷಿನ್ನು, ನೆಲದ ತುಂಬ ದಾರದ ತುಣುಕು.
ಇಷ್ಟರೊಳಗೆ ಹರಿಹರದ ಮಾತು ಯಾರಿಗೆ ಬೇಕು?

ಇನ್ನೊಂದನ್ನಿಟ್ಟರೆ ತಕ್ಕಡಿಯೇ ಅನುಮಾನಿಸಿತು.
ನಾಲ್ಕು ಗುಲಗಂಜಿ. ಅಷ್ಟೇ.
ತಂತಿಯಿಲ್ಲ; ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಪಿಂಗಾಣಿ,
ಅದೇ ಆಂಟೆನಾ.
ಬೀರುವಿನ ಮರೆಗೆ ಹೋದರೆ ಮಂಕು,
ಪಕ್ಕದ ಮನೆಯ ವೈಫೈ ಜೋರು ಮಾಡಿದರೆ ತಬ್ಬಿಬ್ಬು.

ಬೋರ್ಡಿಗೇ ಅಂಟಿ ಹುಟ್ಟುವ ಜಾತಿಯೂ ಉಂಟು.
ಕಿವಿ ಕೆಟ್ಟರೆ ತಲೆಯನ್ನೇ ಎಸೆಯಬೇಕು. ಬೇಡ.

"ಎಲ್ಲ ಸೇರಿ ಎಷ್ಟೈತಿ ನಿನ್ನ ಹಕ್ಕಿ?"
ಬ್ಯಾಟರಿ ಸಮೇತ ಇಪ್ಪತ್ತೆರಡು ಗ್ರಾಂ.
"ಎರಡು ತೊಲಕ್ಕೂ ಕಮ್ಮಿ!" ಬೆರಳು ಮಡಿಚಿದರು.
"ಅದರಾಗ ಒಂದು ಗ್ರಾಂ ಅಂದ್ರ ಹುಡುಗಾಟ ಅಲ್ಲ ಬಿಡು.
ನಮ್ಮ ಕಸುಬಿನಾಗ ಅಷ್ಟಕ್ಕ ಸಂಬಂಧ ಮುರದಾವ."
ತೂಗಿದ್ದಕ್ಕೆ ಕಾಸು ತಗೊಳ್ಳಲಿಲ್ಲ.

ಅಪ್ಪ ಹತ್ತಿ ಮಿಲ್ಲಿನ ನೂಲುವ ಖಾತೆಯಲ್ಲಿ
ಇಪ್ಪತ್ತಾರು ವರ್ಷ ದುಡಿದು
ಕಿವಿಗಳನ್ನು ಅಲ್ಲೇ ಬಿಟ್ಟು ಬಂದವನು.
ಯಂತ್ರ ನಿಂತ ದಿನವೂ ಅವನಿಗೆ ತಿಳಿದದ್ದು
ಸದ್ದು ಅಡಗಿದ್ದರಿಂದಲ್ಲ, ಅಂಗಾಲಿನ ಕೆಳಗೆ
ನೆಲದ ನಡುಕ ನಿಂತದ್ದರಿಂದ.
ಆಸ್ಪತ್ರೆಯವರು ಕೊಟ್ಟ ಕಿವಿಯಂತ್ರ ಟ್ರಂಕಿನಲ್ಲಿದೆ.
ಭಾರ, ಅನ್ನುತ್ತಾನೆ.

ರಾತ್ರಿ ಹಗುರದ್ದನ್ನೇ ಬೆಸೆದೆ.
ರಿಮೋಟು ಎರಡನೇ ಕೈಯದು, ಅದರ ನುಡಿ ಹಳೆಯದು;
ಪುಣ್ಯಕ್ಕೆ ಈ ಕಿವಿಗೆ ಅದು ಬರುತ್ತಿತ್ತು.
ನಾಲ್ಕೇ ತಂತಿ, ಕೂದಲೆಳೆಯಂಥವು.
ಹೇಳುವ ತಂತಿ ಆಚೆಯ ಕೇಳುವ ಬಿಂದುವಿಗೆ,
ಕೇಳುವುದು ಹೇಳುವುದಕ್ಕೆ, ಅಡ್ಡಡ್ಡ.
ನೇರ ಬೆಸೆದರೋ,
ಇಬ್ಬರೂ ಮಾತಾಡಿ ಯಾರೂ ಕೇಳಿಸಿಕೊಳ್ಳದ ಸಂಸಾರ.
(ಮೊದಲ ಸಲ ಹಾಗೇ ಬೆಸೆದು, ಬಿಚ್ಚಿ, ಬೆರಳು ಸುಟ್ಟುಕೊಂಡೆ.)

ಕಡೆಗೆ ಒಂದು ಪಾಠ:
ನನ್ನ ದನಿ ತಪ್ಪಿದರೆ ಹುಡುಕಬೇಡ,
ಊಹೆ ಮಾಡಬೇಡ, ರೆಕ್ಕೆ ನಿಲ್ಲಿಸು, ಬೀಳು.

ಕರೆಂಟು ಹೋಗಿ ಫ್ಯಾನು ನಿಂತ ಹೊತ್ತು, ಮೇಲೆಬ್ಬಿಸಿದೆ.
ಸೊಳ್ಳೆಗಳ ಸಂತೆಯಂಥ ಸದ್ದು. ಅಕ್ಕ ಕಿವಿ ಮುಚ್ಚಿದಳು.
ಅಪ್ಪ ಮಂಡಕ್ಕಿ ತಟ್ಟೆಯಿಂದ ತಲೆಯೆತ್ತಲಿಲ್ಲ,
ಬೋಳು ನೆತ್ತಿಯ ಮೇಲೆ ಅದು ಸುಳಿಯುವವರೆಗೆ.
ಆಗ ಅಂಗೈ ಮೇಲೆತ್ತಿ
"ಗಾಳಿ ಬಂತು," ಅಂದ.

ಬೀರುವಿನ ಮರೆಯಲ್ಲಿ ಕೆಂಪು ದೀಪ ಮಿಣುಕಿತು.
ಕಲಿಸಿದ ಹಾಗೇ ರೆಕ್ಕೆ ನಿಂತು
ತಟ್ಟೆಯ ನಡುವೆ ಬಿತ್ತು, ಮಂಡಕ್ಕಿ ಚೆಲ್ಲಾಪಿಲ್ಲಿ.
ಅಪ್ಪ ಅದನ್ನೆತ್ತಿ, ಅಂಟಿದ್ದ ಒಂದು ಕಾಳು ಬಿಡಿಸಿ ಬಾಯಿಗೆ ಹಾಕಿ,
ಅಂಗೈಯಲ್ಲಿ ತೂಗಿ ನೋಡಿ
ಕೇಳಿದ: "ಇದಕ್ಕೂ ಕೇಳಲ್ಲೇನು?"

ಬೀರುವಿನ ಹಿಂದೆ ಮಾತ್ರ,
ಅಂತ ಕೈಸನ್ನೆ ಮಾಡಿದೆ.