ಕೊನೆಗದ್ದೆ

ಹಾಸನ. ಪಶುರೋಗ ಪರೀಕ್ಷೆಯ ಲ್ಯಾಬು, ಎರಡನೇ ಮಹಡಿ.
ನನ್ನ ಪಿಪೆಟ್ಟಿನ ತುದಿಯಲ್ಲಿ ಎರಡು ಮೈಕ್ರೋಲೀಟರ್,
ಸೊಳ್ಳೆ ಕುಡಿದು ಹಾರಿದಷ್ಟು.

ಬಾಣಾವರ, ಜಾವಗಲ್ಲು, ಗಂಡಸಿ ಕಡೆಯ
ಅರವತ್ತು ಹಸುಗಳ ರಕ್ತದ ತಿಳಿ
ಐಸು ಡಬ್ಬಿಯಲ್ಲಿ ಬಂದಿದೆ.
ಎಲ್ಲಕ್ಕೂ ನಂಬರು. ಒಂದರ ಮೇಲೆ ಮಾತ್ರ
ಯಾರೋ ಪೆನ್ಸಿಲಲ್ಲಿ ಬರೆದಿದ್ದಾರೆ: ಚಂದ್ರಿ,
ಎರಡು ಸಲ ಕಂದು ಹಾಕಿದ್ದಾಳೆ.

ಚಿಪ್ ಬಂದದ್ದು ಹೋದ ತಿಂಗಳು.
ಬೆಂಕಿಪೊಟ್ಟಣದಗಲ, ಒಳಗೆ ಕೂದಲೆಳೆ ಕಾಲುವೆ.
ಒಂದು ಎರಡಾಗಿ, ಎರಡು ನಾಲ್ಕಾಗಿ
ಅರವತ್ತನಾಲ್ಕು ಕುಳಿಗೆ ದ್ರಾವಣ ಹಂಚುತ್ತದೆ.
ಮೋಟರಿಲ್ಲ. ಬತ್ತಿಗೆ ಎಣ್ಣೆ ಏರಿದ ಹಾಗೆ ತಾನೇ ಏರುತ್ತದೆ.
"ಜಾಣ ನೀರು" ಅಂದಳು ಪ್ರಫುಲ್ಲಾ.
"ನೀರಲ್ಲ ಮೇಡಂ, ದಾರಿ ಜಾಣ"
ಅಂದ ಕಂಪನಿಯ ಹುಡುಗ, ಕನ್ನಡಕ ಒರೆಸಿಕೊಳ್ಳುತ್ತಾ.

ನಮ್ಮ ತಾತ ಹುಚ್ಚಯ್ಯ ನೀರುಗಂಟಿ.
ಉಸಿರು ಕಟ್ಟಿ ತೂಬಿಗಿಳಿದು ಬೆಣೆ ಎತ್ತುತ್ತಿದ್ದವನು.
ಕಾಲೇ ಅಳತೆಗೋಲು:
ಹಿಮ್ಮಡಿ ಮುಳುಗಿದರೆ ಇಷ್ಟು ಗದ್ದೆ, ಗೆಣ್ಣು ಮುಳುಗಿದರೆ ಇಷ್ಟು.
ಕೆರೆ ಕಾಲುಪಾಲೂ ತುಂಬದ ವರ್ಷ
ಕೊನೆಗದ್ದೆಗೇ ಮೊದಲು ಬಿಡುತ್ತಿದ್ದನಂತೆ.
"ತಲೆಗದ್ದೆಯವನು ಜಗಳಕ್ಕಾದರೂ ಬರ್ತಾನೆ,
ಕೊನೆಯವನಿಗೆ ದಾರೀನೇ ದೂರ."

ಊರಿಗೆಲ್ಲ ನೀರು ಹಂಚಿದವನು
ಊರ ಬಾವಿಯ ಹಗ್ಗ ಮುಟ್ಟಲಿಲ್ಲ.
ಬೊಗಸೆಗೆ ಮೇಲಿಂದ ಹುಯ್ದರು.
ಇದನ್ನು ಅವನು ಹೇಳಿದ್ದಲ್ಲ. ಅಜ್ಜಿ,
ರಾಗಿ ಕೇರುತ್ತಾ, ಒಂದೇ ಸಲ.

ಇವತ್ತು ಮೂರನೇ ಕವಲಲ್ಲಿ ಗುಳ್ಳೆ.
ಸಾಸಿವೆಗಿಂತ ಸಣ್ಣದು,
ಅದರಾಚೆ ಎಂಟು ಕುಳಿ ಬರಡು.
ಚಂದ್ರಿ ಇರುವುದು ಅಲ್ಲೇ.
ತಟ್ಟಿದೆ, ಓರೆ ಮಾಡಿದೆ, ಬೈದೆ.
ಕೊನೆಗೆ ಎಸೆದು ಹೊಸ ಚಿಪ್ ಒಡೆದೆ.
ಎರಡನೇ ಚಿಪ್ ಯಾಕೆಂದು ರಿಜಿಸ್ಟರಿನಲ್ಲಿ ಬರೆಯಬೇಕು;
ಗುಳ್ಳೆ, ಅಂತ ಬರೆದೆ.
ಈ ಸಲ ಕೊನೆಯ ಸಾಲಿಂದ ತುಂಬತೊಡಗಿದೆ.
"ಇದೇನೇ ಉಲ್ಟಾ?"
"ನಮ್ಮ ಮನೆ ಪದ್ಧತಿ."

ಬಣ್ಣ ಬಂದರೆ ಕಂದುರೋಗ.
ಹಸುವನ್ನು ಹಟ್ಟಿಯಾಚೆ ಬೇರೆ ಕಟ್ಟಬೇಕು,
ನೀರಿನ ತೊಟ್ಟಿಯೂ ಬೇರೆ.
ನಿಯಮ ಸರಿಯೇ ಇದೆ, ನಾನೇ ಸಹಿ ಹಾಕುವವಳು.
ಆದರೂ ಆ ಸಾಲು ಬರೆಯುವಾಗ
ಪೆನ್ನು ಒಂದು ಕ್ಷಣ ತಡೆಯುತ್ತದೆ.

ಅರವತ್ತನಾಲ್ಕನೆಯದು ಬರೀ ನೀರಿನ ಕುಳಿ.
ಅದು ಏನೂ ಹೇಳಬಾರದು.
ಅದು ಸುಮ್ಮನಿದ್ದರಷ್ಟೇ
ಉಳಿದವರ ಮಾತು ನಂಬುವುದು.

ಗಡಿಯಾರದಲ್ಲಿ ಇನ್ನೂ ಆರು ನಿಮಿಷ.
ಪ್ರಫುಲ್ಲಾ ಟೀ ತರಲು ಹೋಗಿದ್ದಾಳೆ.
ಆ ತುದಿಯ ಸಾಲಿನಲ್ಲಿ
ಚಂದ್ರಿ ಇನ್ನೂ ತಿಳಿಯಾಗಿದ್ದಾಳೆ.